ಸಿಸ್ಟರ್ ಎಲೆ ಹಂಚುವಾಗ

ಜೂನ್ 3, ಸೋಮವಾರ

ಮದುವೆಯಾಗಿ ಇವತ್ತಿಗೆ ಹದಿನಾರು ದಿನ! ಹದಿನಾರು ದಿನವೂ ಇವರು ಹೊರಗೆ ಹೊರಡುವಾಗ ಬಾಗಿಲಲ್ಲಿ ತಿರುಗಿ ನನ್ನನ್ನು ನೋಡಿ ನಕ್ಕಿದ್ದಾರೆ. ಎಂಟನೆಯ ದಿನ ನಕ್ಕಿದ್ದು ನನ್ನನ್ನು ನೋಡಿಯೋ, ನನ್ನ ಹಿಂದೆ ನಿಂತಿದ್ದ ಅತ್ತೆಯನ್ನು ನೋಡಿಯೋ ಎಂಬ ಸಣ್ಣ ಅನುಮಾನವಿದೆ. ಆದರೂ ನನ್ನ ಪಾಲಿಗೇ ಸೇರಿಸಿಕೊಂಡಿದ್ದೇನೆ. ಈ ನೋಟ್‌ಬುಕ್ಕೂ ಇವರು ಕೊಡಿಸಿದ್ದೇ. ಮೊದಲ ಪುಟದಲ್ಲಿ ಒಂದು ಹೃದಯ ಬರೆದೆ. ಬದನೆಕಾಯಿಯಂತೆ ಕಾಣುತ್ತಿದೆ. ಪರವಾಗಿಲ್ಲ, ಪ್ರೀತಿ ಮುಖ್ಯ.

ಜುಲೈ ಒಂದರಿಂದ ನನಗೆ ಜಾಹೀರಾತು ಕಂಪನಿಯಲ್ಲಿ ಹೊಸ ಕೆಲಸ. ಅಲ್ಲಿಯವರೆಗೆ ಮನೆಯಲ್ಲಿ ಕೂತು ಇವರ ಬಗ್ಗೆ ಯೋಚಿಸುವ ವಿಚಾರವಿತ್ತು. ಆದರೆ ಅತ್ತೆ ಔಷಧಿ ಅಂಗಡಿಗೆ ಹೊರಡುತ್ತಾ ಚಪ್ಪಲಿ ಹಾಕಿಕೊಳ್ಳುವ ನಡುವೆಯೇ ಹೇಳಿಬಿಟ್ಟರು: "ದಿನಾ ಹನ್ನೊಂದು ಗಂಟೆಗೆ ಅಜ್ಜೀನ ಕೆಳಗೆ ಇಸ್ಪೀಟಿಗೆ ಕರ್ಕೊಂಡು ಹೋಗಮ್ಮ. ಬಿದ್ದಾಗಿಂದ ಒಬ್ರೇ ಲಿಫ್ಟ್ ಹತ್ತೋದು ಬೇಡ ಅಂದಿದಾರೆ."

ಅಜ್ಜಿ ಎಂದರೆ ಮಾವನ ಅಮ್ಮ. ತೊಂಬತ್ತೆರಡು ವರ್ಷ. ಫೆಬ್ರವರಿಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಉಳಿಯಿತು, ಬಲ ಉಳಿಯಲಿಲ್ಲ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಈಗಲೂ ಯಾರಾದರೂ ಮಾತು ಬೆಳೆಸಿದರೆ "ನಿಮ್ಮ ಮೂರು ನಿಮಿಷ ಮುಗೀತು" ಎಂದು ಮುಖ ತಿರುಗಿಸುತ್ತಾರೆ. ನನಗೆ ಈಗಾಗಲೇ ಆರು ಸಲ ಲೈನ್ ಕಟ್ ಆಗಿದೆ.

ಜೂನ್ 5, ಬುಧವಾರ

ಇಸ್ಪೀಟಿನ ಕೋಣೆ ಕಟ್ಟಡದ ಕೆಳಗಡೆ, ಲಿಫ್ಟಿನ ಪಕ್ಕ. ಹಿಂದೆ ಕಾವಲುಗಾರನದಾಗಿತ್ತಂತೆ. ಒಂದು ಚೌಕ ಮೇಜು, ಅದರ ಒಂದು ಕಾಲಿನ ಕೆಳಗೆ ಮಡಿಸಿದ ರಟ್ಟು. ನಾಲ್ಕು ಕುರ್ಚಿ, ನಾಲ್ಕೂ ಬೇರೆ ಬೇರೆ ಮನೆಯಿಂದ ಹೊರಬಿದ್ದವು. ಒಂದು ಕಿಟಕಿ.

ಅಜ್ಜಿಯ ಜೊತೆ ಆಡುವವರು ಇಬ್ಬರು. ಮೂರನೇ ಮಹಡಿಯ ಸಿಸ್ಟರ್‌ಗೆ ಎಂಬತ್ತೆಂಟು. ದೊಡ್ಡ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಹೆಡ್ ನರ್ಸ್ ಆಗಿದ್ದವರು. ನೆಲಮಹಡಿಯ ಮೇಷ್ಟ್ರಿಗೆ ತೊಂಬತ್ತು, ಭೂಗೋಳ ಕಲಿಸುತ್ತಿದ್ದರು. ನಾಲ್ಕನೆಯವರಾಗಿದ್ದ ಟೈಲರ್ ಹೋದ ತಿಂಗಳು ಮಗಳ ಊರಿಗೆ ಹೋಗಿಬಿಟ್ಟರಂತೆ, ಆ ಕುರ್ಚಿ ಖಾಲಿ ಇತ್ತು.

"ರಮ್ಮಿ ಬರುತ್ತಾ?" ಎಂದರು ಸಿಸ್ಟರ್.

"ಫೋನಲ್ಲಿ ತುಂಬಾ ಆಡಿದೀನಿ! ಎಕ್ಸ್‌ಪರ್ಟ್ ಲೆವೆಲ್!"

"ಫೋನಲ್ಲಿ ನಾನೂ ಮೂವತ್ತು ವರ್ಷ ಆಡಿದೀನಿ," ಎಂದರು ಅಜ್ಜಿ. "ಕೂತ್ಕೋ."

ಎಕ್ಸ್‌ಪರ್ಟ್ ಮೂರು ಆಟ ಆಡಿ ಮೂರೂ ಸೋತಳು.

ಒಂದು ಮುದ್ದಾದ ವಿಷಯ ಬರೆದಿಡಬೇಕು. ಸಿಸ್ಟರ್ ಹಂಚಲು ಕಟ್ಟು ಕೈಗೆ ತೆಗೆದುಕೊಂಡ ಕೂಡಲೇ ಅಜ್ಜಿಯೂ ಮೇಷ್ಟ್ರೂ ಕಿಟಕಿಯ ಕಡೆ ತಿರುಗಿದರು. "ಬಂತಾ?" ಎಂದರು ಅಜ್ಜಿ. "ಇನ್ನೂ ಇಲ್ಲ," ಎಂದರು ಮೇಷ್ಟ್ರು. ಹಂಚಿ ಮುಗಿಯುವ ತನಕ ಹಾಗೇ ಕೂತಿದ್ದರು. ನಾನೂ ಕತ್ತು ಚಾಚಿ ನೋಡಿದೆ. ಎದುರು ಕಟ್ಟಡದ ಗೋಡೆ, ಒಂದು ಪೈಪು, ಅಷ್ಟೇ. ದಿನಾ ಪಾರಿವಾಳ ಬಂದು ಕೂರುತ್ತದೇನೋ! ಈ ವಯಸ್ಸಿನಲ್ಲಿ ಮನಸ್ಸು ಎಷ್ಟು ಮುಗ್ಧವಾಗಿಬಿಡುತ್ತದೆ! ನನಗೆ ಕಣ್ಣು ತುಂಬಿ ಬಂತು. ಅಲ್ಲಿಂದಲೇ ಇವರಿಗೆ ಮೆಸೇಜು ಕಳಿಸಿದೆ: ಒಂದು ಪಾರಿವಾಳ, ಮೂರು ಹೃದಯ.

ಜೂನ್ 7, ಶುಕ್ರವಾರ

ಪಾರಿವಾಳ ಇವತ್ತೂ ಬರಲಿಲ್ಲ. ಕಾದು ಬೇಜಾರಾಗಿ ಸಿಸ್ಟರ್ ಕಡೆ ನೋಡಿದೆ. ಅವರ ಕೈ ನಡುಗುತ್ತದೆ! ನಾಲ್ವರಿಗೆ ನಲವತ್ತು ಎಲೆ ಹಂಚುವಷ್ಟರಲ್ಲಿ ಏಳೆಂಟು ಅಂಗಾತ ಬಿದ್ದವು. ಅವನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಕಟ್ಟಿನೊಳಗೆ ತೂರಿಸಿ, ಮತ್ತೆ ಹಂಚಿದರು. ಹನ್ನೊಂದು ನಿಮಿಷ. ಹನ್ನೊಂದು ನಿಮಿಷವೂ ಉಳಿದಿಬ್ಬರು ಪೈಪು ನೋಡುತ್ತಾ ಕೂತಿದ್ದರೇ ಹೊರತು ಒಬ್ಬರೂ ಕೈ ಚಾಚಲಿಲ್ಲ! ಎಷ್ಟು ವರ್ಷದಿಂದ ಹೀಗೆ ನಡೆದಿದೆಯೋ! ಯಾರಿಗೂ ಹೊಳೆದೇ ಇಲ್ಲ!

ಆಟದ ಮಧ್ಯೆ ಅಜ್ಜಿಗೆ ಜೋಂಪು ಹತ್ತಿತು. ಉಳಿದಿಬ್ಬರು ಎಲೆ ಕೆಳಗಿಟ್ಟು, ಯಾವುದೋ ನದಿ ಎಲ್ಲಿ ಹುಟ್ಟುತ್ತದೆ ಎಂದು ಪಿಸುಮಾತಿನಲ್ಲಿ ಚರ್ಚೆ ಶುರುಮಾಡಿದರು. ಅಜ್ಜಿಯ ಸರದಿ ಎಂಬುದೇ ಅವರಿಗೆ ಮರೆತುಹೋಗಿತ್ತು, ಪಾಪ. ನಾನು ಅಜ್ಜಿಯ ಭುಜ ತಟ್ಟಿ "ಅಜ್ಜೀ, ನಿಮ್ದೇ ಸರದಿ!" ಎಂದು ಕೂಗಿದೆ. ಅಜ್ಜಿ ಬೆಚ್ಚಿದರು, ಮೂರು ಎಲೆ ಬಿತ್ತು, ನಾನೇ ಬಗ್ಗಿ ಎತ್ತಿಕೊಟ್ಟೆ.

ಇಂಥಲ್ಲಿ ಚುರುಕಾದವರು ಒಬ್ಬರಾದರೂ ಇರಬೇಕು. ಊಟವಾದ ಮೇಲೆ ಆನ್‌ಲೈನಿನಲ್ಲಿ ಒಂದು ವಸ್ತು ತರಿಸಲು ಹೇಳಿದ್ದೇನೆ. ಸರ್ಪ್ರೈಸ್!

ಜೂನ್ 10, ಸೋಮವಾರ

ಯಂತ್ರ ಬಂತು! ಎಲೆ ಕಲೆಸುತ್ತದೆ, ಕಲೆಸಿ ತಾನೇ ಸುತ್ತ ತಿರುಗಿ ನಾಲ್ವರಿಗೂ ಹಂಚುತ್ತದೆ! ನಾಲ್ಕು ಬ್ಯಾಟರಿ. ಮೊದಲ ಎಲೆ ಹಾರಿ ಮೇಷ್ಟ್ರ ಕನ್ನಡಕಕ್ಕೆ ಬಡಿಯಿತು. ಎರಡನೆಯದು ಅಜ್ಜಿಯ ರವಿಕೆಯ ತೋಳಿನೊಳಗೆ ಹೋಯಿತು. ಆಮೇಲೆ ಸರಿಹೋಯಿತು.

"ಬಹಳ ವೇಗ," ಎಂದರು ಮೇಷ್ಟ್ರು, ಕನ್ನಡಕ ಸರಿಪಡಿಸಿಕೊಳ್ಳುತ್ತಾ.

"ಇಪ್ಪತ್ತೇ ಸೆಕೆಂಡು!"

"ಮಿಕ್ಕ ಹತ್ತು ನಿಮಿಷ ಏನು ಮಾಡೋಣ?" ಎಂದರು ಅಜ್ಜಿ. ಅಜ್ಜಿಯ ಹಾಸ್ಯಪ್ರಜ್ಞೆಯೇ ಹಾಗೆ.

"ಒಳ್ಳೇದಾಯ್ತು ಬಿಡಮ್ಮ," ಎಂದರು ಸಿಸ್ಟರ್. "ಇನ್ನು ನನ್ನ ಕೈಗೆ ಕೆಲಸ ಇಲ್ಲ." ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. ಎಷ್ಟು ನಿರಾಳವಾಯಿತೋ ಅವರಿಗೆ! ಒಬ್ಬ ಮನುಷ್ಯನ ಜೀವನವನ್ನು ಇಷ್ಟು ಸುಲಭವಾಗಿ ಹಗುರ ಮಾಡಬಹುದು ಎಂದು ನನಗೇ ಗೊತ್ತಿರಲಿಲ್ಲ. ಇವರಿಗೆ ವಿಡಿಯೋ ಕಳಿಸಿದೆ. "ಜಾಣೆ" ಎಂದು ಉತ್ತರ ಬಂತು. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.

ಜೂನ್ 11, ಮಂಗಳವಾರ

ಸಿಸ್ಟರ್ ಬರಲಿಲ್ಲ. ತಲೆನೋವಂತೆ. ನಾಳೆ ಬರುತ್ತಾರೆ.

ಜೂನ್ 12, ಬುಧವಾರ

ಬರಲಿಲ್ಲ. ಮೇಷ್ಟ್ರು ಅರ್ಧ ಗಂಟೆ ಕಾದು, "ಹವಾಮಾನ ಸರಿ ಇಲ್ಲ" ಎಂದು ಎದ್ದುಹೋದರು. ಹೊರಗೆ ಬಿಸಿಲು ಹೊಳೆಯುತ್ತಿತ್ತು.

ಜೂನ್ 14, ಶುಕ್ರವಾರ

ಹನ್ನೊಂದು ಗಂಟೆಗೆ ಹೋದರೆ ಅಜ್ಜಿ ಇನ್ನೂ ಹಾಸಿಗೆಯಲ್ಲೇ. ನಿನ್ನೆಯ ಬಟ್ಟೆ. ತಲೆ ಬಾಚಿಲ್ಲ.

"ಏಳಿ ಅಜ್ಜೀ, ಕೆಳಗೆ ಹೋಗೋಣ. ಸಿಸ್ಟರ್ ಬರ್ದಿದ್ರೆ ಏನಂತೆ, ಇವತ್ತು ಪಾರಿವಾಳ ಬರಬಹುದು."

"ಯಾವ ಪಾರಿವಾಳ?"

"ಕಿಟಕೀಲಿ ಬರುತ್ತಲ್ಲ. ನೀವು, ಮೇಷ್ಟ್ರು ಕಾಯ್ತಾ ಇರ್ತೀರಲ್ಲ."

ಅಜ್ಜಿ ದಿಂಬಿನಿಂದ ತಲೆ ಎತ್ತಿದರು. "ನಿನ್ನ ಇಷ್ಟು ಓದ್ಸೋಕೆ ನಿಮ್ಮಪ್ಪ ಎಷ್ಟು ಒದ್ದಾಡಿರ್ಬೇಕು," ಎಂದರು.

ಆಮೇಲೆ ಹೇಳಿದರು. "ಅವಳು ಮೂವತ್ತೈದು ವರ್ಷ ಡಾಕ್ಟರ ಕೈಗೆ ಕತ್ತರಿ ಕೊಟ್ಟವಳು ಕಣೇ. ಒಂದು ಸಲಾನೂ ಕೆಳಗೆ ಬೀಳಿಸಿದವಳಲ್ಲ. ಈಗ ಎಲೆ ಬೀಳುತ್ತೆ. ನಾವು ಆ ಕಡೆ ನೋಡ್ತಿದ್ರೆ ಅದು ಬಿದ್ದ ಹಾಗಲ್ಲ. ನಾನು ತೂಕಡಿಸ್ದಾಗ ಅವರಿಬ್ರು ನದಿ ಬೆಟ್ಟ ಅಂತ ಕೂತಿರ್ತಾರೆ. ನಂಗೆ ಗೊತ್ತಿಲ್ವಾ? ಎಚ್ಚರ ಆದಾಗ ನನ್ನ ಸರದಿ ನಂಗೇ ಇರುತ್ತೆ. ನಾಲ್ಕು ವರ್ಷದಿಂದ ಒಬ್ರೂ ಒಂದು ಮಾತು ಆಡಿಲ್ಲ. ನೀನು ಬಂದು ಎಲ್ಲಾ ಕಡೆ ಲೈಟ್ ಹಾಕ್ಬಿಟ್ಟೆ."

"ನಾನು ಸಹಾಯ ಆಗ್ಲಿ ಅಂತ..."

"ಮೂರು ನಿಮಿಷ ಆಯ್ತು," ಎಂದು ಗೋಡೆಯ ಕಡೆ ತಿರುಗಿದರು.

ಸಂಜೆ ಇವರಿಗೆ, ನಿಮ್ಮ ಫೋನಿನಿಂದ ಆ ಪಾರಿವಾಳದ ಮೆಸೇಜು ಅಳಿಸಿ ಎಂದೆ. ಯಾಕೆ ಎಂದರು. ಸುಮ್ಮನೆ ಅಳಿಸಿ ಎಂದೆ. ಮೂರೂ ಹೃದಯ ಜೊತೆಗೆ ಹೋದವು.

ಜೂನ್ 17, ಸೋಮವಾರ

ಫಿಸಿಯೋಥೆರಪಿಯ ಹುಡುಗಿ ಬಂದಿದ್ದಳು. ಎರಡು ತಿಂಗಳಿಗೊಮ್ಮೆ ಬಂದು ಎರಡು ಪರೀಕ್ಷೆ ಮಾಡುತ್ತಾಳೆ: ಕೈ ಊರದೆ ಕುರ್ಚಿಯಿಂದ ಐದು ಸಲ ಏಳಬೇಕು, ನಾಲ್ಕು ಮೀಟರ್ ನಡೆಯಬೇಕು. ಏಪ್ರಿಲ್‌ನಲ್ಲಿ ಅಜ್ಜಿ ಐದೂ ಸಲ ಎದ್ದಿದ್ದರು. ಇವತ್ತು ಎರಡು. ಮೂರನೆಯ ಸಲಕ್ಕೆ ಅರ್ಧ ಎದ್ದು, ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಧಪ್ಪನೆ ಕೂತರು. ನಡೆಯಲು ಹೋದಸಲದ ಎರಡರಷ್ಟು ಹೊತ್ತು.

"ದಿನಾ ಏನು ಮಾಡ್ತಿದ್ರು?" ಎಂದಳು ಹುಡುಗಿ.

"ಇಸ್ಪೀಟು," ಎಂದರು ಮಾವ, ತಪ್ಪೊಪ್ಪಿಕೊಳ್ಳುವವರಂತೆ.

"ಹಾಗಾದ್ರೆ ಅದನ್ನೇ ಆಡಿಸಿ. ವ್ಯಾಯಾಮಕ್ಕೆ ಏಳಿ ಅಂದ್ರೆ ಈ ವಯಸ್ಸಲ್ಲಿ ಯಾರೂ ಏಳಲ್ಲ. ಆಟಕ್ಕಾದ್ರೆ ಎದ್ದು, ಬಾಚ್ಕೊಂಡು, ಲಿಫ್ಟ್ ತನಕ ನಡೀತಾರೆ. ಇನ್ನೊಂದು ತಿಂಗಳು ಹೀಗೇ ಮಲಗಿದ್ರೆ ಆಮೇಲೆ ಏಳ್ಸೋದು ಕಷ್ಟ."

ಮಾವ ಹೆದರಿದರು. ಹೆದರಿದಾಗ ಅವರು ಏನಾದರೂ ತರಿಸುತ್ತಾರೆ; ಬಚ್ಚಲಲ್ಲಿ ಈಗಾಗಲೇ ಒಂಬತ್ತು ಹಿಡಿಕೆಗಳಿವೆ. ಈ ಸಲ ಆಸ್ಪತ್ರೆಯ ಮಂಚ: ಪಕ್ಕದಲ್ಲಿ ಕಂಬಿ, ಕೆಳಗೆ ಮೋಟಾರು. ಇಪ್ಪತ್ತೊಂಬತ್ತನೇ ತಾರೀಕು, ಶನಿವಾರ ಬರುತ್ತದಂತೆ.

"ಅದು ಬಂದ್ರೆ ನಾನು ಅದರಿಂದ ಇಳಿಯಲ್ಲ ನೋಡು," ಎಂದರು ಅಜ್ಜಿ ನನಗೆ. ಹಠದ ದನಿಯಲ್ಲಿ ಹೇಳಿದ್ದರೆ ನಗಬಹುದಿತ್ತು. ಸುಮ್ಮನೆ ಹೇಳಿದರು.

ಬರಿಯ ಇಪ್ಪತ್ತು ಸೆಕೆಂಡಿನ ಯಂತ್ರ. ನಾಲ್ಕು ಬ್ಯಾಟರಿ.

ಜೂನ್ 18, ಮಂಗಳವಾರ

ಮೂರನೇ ಮಹಡಿಗೆ ಹೋಗಿ ಬೆಲ್ ಒತ್ತಿದೆ. ಸಿಸ್ಟರ್ ಬಾಗಿಲು ತೆಗೆದರು, ಒಳಗೆ ಕರೆಯಲಿಲ್ಲ.

"ಸಾರಿ ಸಿಸ್ಟರ್," ಎಂದೆ.

"ಯಾಕೆ?"

ದಾರಿಯುದ್ದಕ್ಕೂ ಚೆಂದದ ನಾಲ್ಕು ವಾಕ್ಯ ಸಿದ್ಧಮಾಡಿಕೊಂಡಿದ್ದೆ. ಬಾಯಿ ತೆರೆದ ಮೇಲೆ ಹೊಳೆಯಿತು, ಯಾಕೆ ಎಂದು ಹೇಳಿದರೆ ಮತ್ತೆ ಲೈಟ್ ಹಾಕಿದ ಹಾಗೆ. ಹೇಳದಿದ್ದರೆ ಬೆಲ್ ಒತ್ತಿ ಸಾರಿ ಕೇಳುವ ಹುಚ್ಚಿ. ಹುಚ್ಚಿಯಾಗುವುದೇ ವಾಸಿ ಎನ್ನಿಸಿತು.

"ಸುಮ್ನೆ," ಎಂದೆ.

"ಸುಮ್ನೆ ಸಾರಿ ಕೇಳೋಕೆ ಇಷ್ಟು ದೂರ ಹತ್ತಿ ಬಂದ್ಯಾ?"

"ಲಿಫ್ಟಲ್ಲಿ ಬಂದೆ."

ಅವರ ತುಟಿ ಒಂಚೂರು ಅಲುಗಿದಂತಾಯಿತು. ಬಾಗಿಲು ಮುಚ್ಚಿತು. ಯಂತ್ರದ ಬ್ಯಾಟರಿ ತೆಗೆದು ಗೋಡೆ ಗಡಿಯಾರಕ್ಕೆ ಹಾಕಿದೆ. ಎರಡು ಹೆಚ್ಚಾದವು.

ಸಂಜೆ ಇವರು ಕೇಕ್ ತಂದಿದ್ದರು. ಯಾರ ಹುಟ್ಟಿದ ದಿನ ಎಂದು ಕೇಳಿದೆ. ಮದುವೆಯಾಗಿ ಒಂದು ತಿಂಗಳಂತೆ. ಕೇಕ್ ಚೆನ್ನಾಗಿತ್ತು.

ಜೂನ್ 20, ಗುರುವಾರ

ಲಿಫ್ಟ್ ಕೆಟ್ಟಿದೆ. ಬಿಡಿಭಾಗ ಬರಲು ಒಂದು ವಾರ ಬೇಕಂತೆ.

ಬೆಳಿಗ್ಗೆ ಅಜ್ಜಿಯ ತಲೆ ಬಾಚುತ್ತಾ ಮಂಗಳವಾರದ ಕಥೆ ಹೇಳಿದೆ. "ಲಿಫ್ಟಲ್ಲಿ ಬಂದೆ" ಎನ್ನುವಲ್ಲಿ ಅಜ್ಜಿ ಎಷ್ಟು ನಕ್ಕರೆಂದರೆ ಬಾಚಣಿಗೆ ಕೈತಪ್ಪಿತು. ಹತ್ತು ದಿನದಲ್ಲಿ ಮೊದಲ ನಗು.

"ಅವಳು ತಾನಾಗಿ ಬರಲ್ಲ. ಸೊಕ್ಕಿನವಳು. ನಾನೇ ಹೋಗ್ಬೇಕು."

"ಲಿಫ್ಟ್ ಕೆಟ್ಟಿದೆ ಅಜ್ಜೀ."

"ಮೆಟ್ಟಿಲೂ ಕೆಟ್ಟಿದೆಯಾ?"

ನಮ್ಮದು ಎರಡನೇ ಮಹಡಿ. ಮೂರನೆಯದಕ್ಕೆ ಹದಿನೆಂಟು ಮೆಟ್ಟಿಲು. ಅತ್ತೆ ಮಾವ ಇಬ್ಬರೂ ಹೊರಗೆ ಹೋಗಿದ್ದರು. ಬುದ್ಧಿ ಇರುವವರು ಬೇಡ ಎನ್ನುತ್ತಿದ್ದರು. ನಾನು ಅಡುಗೆಮನೆಯ ಕುರ್ಚಿ ಎತ್ತಿಕೊಂಡೆ.

"ಮುಟ್ಟಿದ್ರೆ ವಾಪಸ್ ಹೋಗ್ತೀನಿ," ಎಂದರು ಅಜ್ಜಿ. ಹಾಗಾಗಿ ಒಂದು ಕೈಯಲ್ಲಿ ಕುರ್ಚಿ, ಇನ್ನೊಂದು ಕೈ ಅವರ ಬೆನ್ನಿನಿಂದ ಎರಡು ಬೆರಳು ದೂರದಲ್ಲಿ. ಬಲಗಾಲು ಮೇಲೆ, ಎಡಗಾಲು ಅದರ ಪಕ್ಕಕ್ಕೆ, ಉಸಿರು. ಐದನೆಯ ಮೆಟ್ಟಿಲಲ್ಲಿ ಮೊಣಕಾಲು ಹೊಯ್ದಾಡಿತು. ಎರಡು ಬೆರಳ ದೂರ ಒಂದು ಬೆರಳಾಯಿತು, ಮುಟ್ಟಲಿಲ್ಲ. ಒಂಬತ್ತನೆಯದರ ತಿರುವಿನಲ್ಲಿ ಕುರ್ಚಿ ಹಾಕಿದೆ, ಆರು ನಿಮಿಷ ಕೂತರು. ಒಟ್ಟು ಇಪ್ಪತ್ತಾರು ನಿಮಿಷ. ನಾನು ಒಂದು ಮಾತೂ ಆಡಲಿಲ್ಲ. ಇವರಿಗೆ ಹೇಳಿದರೆ ನಂಬುವುದಿಲ್ಲ.

ಸಿಸ್ಟರ್ ಬಾಗಿಲು ತೆಗೆದು ಕಣ್ಣರಳಿಸಿದರು. "ಬದುಕಿದೀಯಾ?"

"ಎಲೆ ಹಂಚೋದು ನಿಂದು ಬಾಕಿ ಇದೆ."

"ಮೆಷೀನ್ ಇದೆಯಲ್ಲ."

"ಅದ್ರ ಜೊತೆ ಜಗಳ ಆಡೋಕಾಗುತ್ತಾ?"

ಅಜ್ಜಿಯ ಕಾಲು ಗಡಗಡ ನಡುಗುತ್ತಿತ್ತು. ಸಿಸ್ಟರ್ ಅದನ್ನು ಕಂಡರು. ಕಂಡವರೇ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, ಅಜ್ಜಿ ಒಳಗೆ ಬಂದು ಸೋಫಾದಲ್ಲಿ ಕೂರುವ ತನಕ ಅದನ್ನೇ ಓದುತ್ತಿದ್ದರು. ನಾನೂ ಓದಿದೆ. ಏಪ್ರಿಲ್ ತಿಂಗಳದ್ದು.

ಎರಡು ಆಟ ಆದ ಮೇಲೆ ಗೊತ್ತಾಯಿತು, ಹತ್ತುವುದೊಂದನ್ನೇ ಯೋಚಿಸಿದ್ದೆವು. ಇಳಿಯುವುದು ಇನ್ನೂ ಕಷ್ಟ. ಮೊದಲ ಮೆಟ್ಟಿಲಿಗೇ ಅಜ್ಜಿಗೆ ತಲೆ ತಿರುಗಿತು.

"ಲಿಫ್ಟ್ ಸರಿಹೋಗೋ ತನಕ ಇಲ್ಲೇ ಬಿದ್ದಿರು," ಎಂದರು ಸಿಸ್ಟರ್. "ಇನ್ನೊಂದು ಮಂಚ ಇದೆ. ಕಂಬಿ ಇಲ್ಲ."

ಮಾವನಿಗೆ ಫೋನು ಮಾಡುವ ಕೆಲಸ ನನ್ನದಾಯಿತು. ಅವರು ಹನ್ನೆರಡು ನಿಮಿಷ ಮಾತಾಡಿದರು. ನನಗೆ ಲೈನ್ ಕಟ್ ಮಾಡುವ ಅಧಿಕಾರವಿಲ್ಲ.

ಜೂನ್ 24, ಸೋಮವಾರ

ದಿನಕ್ಕೆ ಎಂಟು ಸಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ಮಾತ್ರೆ, ಬಟ್ಟೆ, ಕನ್ನಡಕ, ಇನ್ನೊಂದು ಕನ್ನಡಕ.

ಸಿಸ್ಟರ್ ಮನೆಯಲ್ಲಿ ಯಾರಿಗೂ ಸೇವೆ ಇಲ್ಲ. ತಟ್ಟೆ ತಾವೇ ತೊಳೆಯಬೇಕು. ಬಚ್ಚಲು ಮನೆಯ ಆ ತುದಿಯಲ್ಲಿ. ಬೆಳಗಿನ ಚಹಾ ಅಜ್ಜಿಯದು, ಸಂಜೆಯದು ಸಿಸ್ಟರದು. ಒಂದೊಂದಕ್ಕೂ ನಲವತ್ತು ನಿಮಿಷ. ಮೊದಲ ದಿನ ನಾನು ಅಡುಗೆಮನೆಗೆ ಓಡಿದೆ. "ಎಲ್ಲಿ ಬೆಂಕಿ ಬಿತ್ತು?" ಎಂದರು ಸಿಸ್ಟರ್. ವಾಪಸ್ ಬಂದು ಕೂತೆ.

ಮೇಷ್ಟ್ರು ಮೂರು ಮಹಡಿ ಹತ್ತುವುದಿಲ್ಲ, ಫೋನಿನ ವಿಡಿಯೋದಲ್ಲೇ ಆಡುತ್ತಾರೆ. ಅಜ್ಜಿ ಸಂಪರ್ಕ ಕೊಡುತ್ತಾರೆ: "ಲೈನ್ ಸಿಕ್ಕಿದೆ, ಮಾತಾಡಿ." ಮೇಷ್ಟ್ರ ಎಲೆ ಹಿಡಿಯುವುದು ನನ್ನ ಕೆಲಸ. ನಾನೂ ಅವರ ಎದುರಾಳಿಯಾದ್ದರಿಂದ, ಕಣ್ಣು ಮುಚ್ಚಿಕೊಂಡು ಅವನ್ನು ಫೋನಿಗೆ ತೋರಿಸಬೇಕು. "ಎಡಗಡೆಯಿಂದ ಮೂರನೇದು ಬಿಡಮ್ಮ... ಅದಲ್ಲ, ಅದು ನಿನ್ನ ಹೆಬ್ಬೆರಳು." ಇಷ್ಟು ಪ್ರಾಮಾಣಿಕವಾಗಿ ಆಡಿಯೂ ನಾನೇ ಸೋಲುತ್ತೇನೆ.

ರಾತ್ರಿ ಊಟಕ್ಕೆ ಕೆಳಗೆ ಬಂದಾಗ ಇವರು ಕೇಳಿದರು: "ನಾನು ನಿಂಗೆ ನೆನಪಿದೀನಾ?" ಆ ಕ್ಷಣ ಸಿಸ್ಟರ್ ಯಾಕೆ ರಾಜನನ್ನು ಬಿಟ್ಟರು ಎಂದು ಯೋಚಿಸುತ್ತಿದ್ದೆ. ಆಮೇಲೆ ತುಂಬಾ ಮುದ್ದು ಮಾಡಿದೆ.

ಜೂನ್ 27, ಗುರುವಾರ

ಮಧ್ಯಾಹ್ನ ಲಿಫ್ಟ್ ರಿಪೇರಿಯಾಯಿತು. ಓಡಿಹೋಗಿ ಅಜ್ಜಿಗೆ ಹೇಳಿದೆ. ಅಜ್ಜಿ ಎಲೆಯಿಂದ ಕಣ್ಣೆತ್ತಲಿಲ್ಲ.

"ಶನಿವಾರ ಆ ಮಂಚ ಬರುತ್ತಾ?"

"ಹೂಂ."

"ಸರಿ," ಎಂದರು. ಅಷ್ಟೇ. ಕೈಯಲ್ಲಿ ಆಟ ಮುಗಿಸುವ ಎಲೆ ಇದ್ದರೂ ಮುಗಿಸಲಿಲ್ಲ.

ಜೂನ್ 28, ಶುಕ್ರವಾರ

ಮಂಚದ ಅಂಗಡಿಯವರ ಫೋನು ಬಂತು. ಮನೆಯಲ್ಲಿ ನಾನೊಬ್ಬಳೇ. "ನಾಳೆ ಬೆಳಿಗ್ಗೆ ತರ್ತೀವಿ. ಎರಡನೇ ಮಹಡಿ ಅಲ್ವಾ? ಲಿಫ್ಟ್ ಇದೆಯಲ್ಲ? ನೂರಾ ಇಪ್ಪತ್ತು ಕೆಜಿ, ಮೆಟ್ಟಿಲಲ್ಲಿ ತಿರುಗಲ್ಲ."

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಶಾಲೆಯಲ್ಲಿ ಹೋಂವರ್ಕ್ ನಾಯಿ ತಿಂದಿತು ಎಂದು ಹೇಳಹೋಗಿ, ನಮ್ಮ ಮನೆಯಲ್ಲಿ ನಾಯಿಯಿಲ್ಲ ಎಂಬುದನ್ನೂ ನಾನೇ ಹೇಳಿದವಳು.

"ಲಿಫ್ಟ್ ಕೆಟ್ಟಿದೆ," ಎಂದೆ.

"ಯಾವಾಗ ಸರಿಹೋಗುತ್ತೆ?"

"ಹೇಳೋಕಾಗಲ್ಲ. ಬಿಡಿಭಾಗ ಬರಬೇಕು. ತುಂಬಾ ದೂರದಿಂದ. ಹಡಗಲ್ಲಿ." ಜಾಹೀರಾತು ಕಂಪನಿಯವರು ನನ್ನನ್ನು ಸುಮ್ಮನೆ ತೆಗೆದುಕೊಂಡಿಲ್ಲ.

"ಹಾಗಾದ್ರೆ ಬೇರೆಯವ್ರಿಗೆ ಕೊಡ್ತೀವಿ ಮೇಡಂ. ಬೇಕಾದಾಗ ಹೇಳಿ."

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಮಾವ. ಎರಡೂ ಕೈಯಲ್ಲಿ ದಿನಸಿಯ ಚೀಲ, ಒಂಚೂರೂ ಏದುಸಿರಿಲ್ಲ. ಅವರ ಬೆನ್ನ ಹಿಂದೆ ಲಿಫ್ಟಿನ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು.

ಮಾವ ಚೀಲ ಕೆಳಗಿಟ್ಟರು. ನನ್ನನ್ನು ನೋಡಿದರು. ಫೋನನ್ನು ನೋಡಿದರು. "ಹಡಗಲ್ಲಾ?" ಎಂದರು.

"ಹೂಂ ಮಾವ."

"ಹಾಗಾದ್ರೆ ತಡ ಆಗುತ್ತೆ," ಎಂದು ಕೈಕಾಲು ತೊಳೆಯಲು ಹೋದರು.

ಜೂನ್ 30, ಭಾನುವಾರ

ನಾಳೆಯಿಂದ ಕೆಲಸ. ಬಟ್ಟೆ ಇಸ್ತ್ರಿ ಮಾಡಿಲ್ಲ. ಇವರು ಮಾಡುತ್ತೇನೆ ಎಂದಿದ್ದಾರೆ. ಇವರು ಇಸ್ತ್ರಿ ಮಾಡಿದ ಅಂಗಿಗಳನ್ನು ನಾನು ನೋಡಿದ್ದೇನೆ. ನೋಡಿಲ್ಲ ಅಂದುಕೊಳ್ಳುತ್ತೇನೆ.

ಹನ್ನೊಂದೂವರೆಗೆ ಸಿಸ್ಟರ್ ಮನೆಯ ಬಾಗಿಲು ಬಡಿದ ಸದ್ದಾಯಿತು. ಮಾವ. ಮೆಟ್ಟಿಲು ಹತ್ತಿ ಬಂದಿದ್ದರು, ನಮ್ಮ ಮಹಡಿಯಿಂದಲ್ಲ, ನೆಲಮಹಡಿಯಿಂದ. ಅರವತ್ತೇಳು ವರ್ಷ, ಐವತ್ತನಾಲ್ಕು ಮೆಟ್ಟಿಲು. ಮುಖ ಕೆಂಪಾಗಿ, ಅಂಗಿ ಬೆನ್ನಿಗೆ ಅಂಟಿಕೊಂಡು, ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದರು.

"ಯಾಕೋ, ಲಿಫ್ಟ್ ಏನಾಯ್ತೋ?" ಎಂದರು ಅಜ್ಜಿ.

"ಇನ್ನೂ ಸರಿಹೋಗಿಲ್ಲಮ್ಮ," ಎಂದರು ಮಾವ. ಗೋಡೆಯಾಚೆ ಅದೇ ಲಿಫ್ಟ್ ಗುಂಯ್ ಎಂದು ಕೆಳಗಿಳಿಯುವ ಸದ್ದು ಕೇಳುತ್ತಿತ್ತು. ಮೇಷ್ಟ್ರು ಫೋನಿನಲ್ಲಿ ಯಾವುದೋ ಜ್ವಾಲಾಮುಖಿಯ ಬಗ್ಗೆ ಹೇಳತೊಡಗಿದರು. "ಇನ್ನೂ ಎಷ್ಟು ದಿನ ಆಗುತ್ತೋ. ನೀನು ಇಲ್ಲೇ ಇರು. ನಾನು ಬಂದು ಹೋಗ್ತೀನಿ."

"ಅಯ್ಯೋ, ನೋಡು ಹೇಗೆ ಏದುಸಿರು ಬಿಡ್ತಿದಾನೆ," ಎಂದು ಅಜ್ಜಿ ಎಲೆಗಳನ್ನು ಕವುಚಿ ಇಟ್ಟರು. ಸ್ವಲ್ಪ ಮುಂದಕ್ಕೆ ಬಾಗಿದರು. ಎದ್ದರು. ಕುರ್ಚಿಯ ಕೈ ಹಿಡಿಯಲಿಲ್ಲ, ಕೋಲು ತೆಗೆದುಕೊಳ್ಳಲಿಲ್ಲ, ಎರಡನ್ನೂ ಮರೆತಿದ್ದರು. ಅಡುಗೆಮನೆಗೆ ಹೋಗಿ, ಲೋಟ ಹುಡುಕಿ, ನೀರು ತುಂಬಿಸಿಕೊಂಡು ವಾಪಸ್ ಬಂದರು. ಸಿಸ್ಟರ್ ಏಳಲಿಲ್ಲ. ಮಾವನೂ ಎದುರು ಹೋಗಿ ಇಸಿದುಕೊಳ್ಳಲಿಲ್ಲ, ಬಾಗಿಲಲ್ಲೇ ನಿಂತು ಕಾದರು.

ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು. ಉಳಿದ ಅರ್ಧವನ್ನು ಮಾವ ಒಂದು ಹನಿ ಬಿಡದೆ ಕುಡಿದರು.

ನಾನು ಅಷ್ಟು ಹೊತ್ತೂ ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದೆ. ಇನ್ನೂ ಜೋಮು ಬಿಟ್ಟಿಲ್ಲ. ಇವತ್ತಿನ ಅಕ್ಷರ ಇಷ್ಟು ಕೆಟ್ಟದಾಗಿರುವುದು ಅದಕ್ಕೇ.